ಉಭಯ ಕುಶಲೋಪರಿ, ರಣರಂಗದಿಂದ

ಕೇಳುಗರಿಗೆ ನಮಸ್ಕಾರ.

ನಮ್ಮ ಹಿರಿಯರು ಕಾಗದ ಬರೆಯುತ್ತಿದ್ದ ರೀತಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮೇಲ್ತುದಿಯಲ್ಲಿ ‘ಕ್ಷೇಮ’ ಎಂದು ಬರೆದು, ‘ಉಭಯ ಕುಶಲೋಪರಿ ಸಾಂಪ್ರತ’ ಎಂದ ಮೇಲೆಯೇ ಅವರು ವಿಷಯಕ್ಕೆ ಬರುತ್ತಿದ್ದರು. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಸಾಮಾನ್ಯ ಸಿಪಾಯಿಗಳ ಪತ್ರಗಳನ್ನು ಓದಿದಾಗಲೆಲ್ಲ ನನಗೆ ಆ ಸಾಲು ನೆನಪಾಗುತ್ತದೆ. ಅವರಿಗೂ ಅಂಥದೇ ಒಂದು ರೂಢಿಯ ಮಾತಿತ್ತು. ‘ಲೇಖನಿ ಕೈಗೆತ್ತಿಕೊಂಡು ತಿಳಿಸುವುದೇನೆಂದರೆ, ನಾನು ಚೆನ್ನಾಗಿದ್ದೇನೆ, ಈ ನಾಲ್ಕು ಸಾಲು ಕೈಸೇರುವಾಗ ನೀವೂ ಹಾಗೆಯೇ ಇರುವಿರೆಂದು ನಂಬಿದ್ದೇನೆ.’ ಲೆಕ್ಕವಿಲ್ಲದಷ್ಟು ಕಾಗದಗಳು ಹೀಗೆಯೇ ಆರಂಭವಾಗುತ್ತವೆ. ಗುಡಾರದಲ್ಲಿ ಜ್ವರದಿಂದ ಮಲಗಿದವನೂ ಹೀಗೆಯೇ ಬರೆದ.

1861ರಿಂದ 1865ರವರೆಗೆ ನಡೆದ ಯುದ್ಧ ಅದು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರನಡೆದವು, ಒಂದೇ ದೇಶದ ಜನ ಎರಡು ಸೈನ್ಯಗಳಾಗಿ ಎದುರುಬದುರು ನಿಂತರು. ಸತ್ತವರು ಆರು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಗುಂಡಿಗೆ ಬಲಿಯಾದವರಿಗಿಂತ ರೋಗಕ್ಕೆ ಬಲಿಯಾದವರೇ ಬಹಳ.

ಎರಡೂ ಕಡೆಯ ಬಿಳಿಯ ಸಿಪಾಯಿಗಳಲ್ಲಿ ಹೆಚ್ಚಿನವರು ಓದು ಬರಹ ಬಲ್ಲವರು. ಮುಂದಿನ ಮಹಾಯುದ್ಧಗಳಲ್ಲಿ ಅಧಿಕಾರಿಗಳು ಕಾಗದ ಒಡೆದು ಓದಿ ಸಾಲುಗಳ ಮೇಲೆ ಮಸಿ ಎಳೆದಂತೆ ಇಲ್ಲಿ ಯಾರೂ ಎಳೆಯಲಿಲ್ಲ. ಆದ್ದರಿಂದ ಕಲ್ಲಿನಂಥ ಒಣ ಬಿಸ್ಕತ್ತಿನಲ್ಲಿ ಸಿಕ್ಕ ಹುಳುವಿನಿಂದ ಹಿಡಿದು ಸೇನಾಪತಿಯ ದಡ್ಡತನದವರೆಗೆ ಎಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಬರೆದರು. ಆದರೂ ಪುಟದ ಬಹುಪಾಲನ್ನು ತುಂಬಿರುವುದು ಮನೆ. ಹಸು ಕರು ಹಾಕಿತೇ, ಸಾಲ ಎಷ್ಟು ತೀರಿತು, ಹೊಲದ ಕೆಲಸಕ್ಕೆ ಯಾರು ಬರುತ್ತಿದ್ದಾರೆ, ಮಗುವಿಗೆ ನಡೆಯಲು ಬಂತೇ? ಬಹುತೇಕರು ಒಕ್ಕಲು ಮಕ್ಕಳು. ನೂರಾರು ಮೈಲಿ ದೂರದಲ್ಲಿ ಕೂತು ಕಾಗದದ ಮೂಲಕವೇ ಸಂಸಾರ ನಡೆಸಿದರು.

ಒಕ್ಕೂಟದ ಕಡೆಯಾದ ಉತ್ತರದ ರಾಜ್ಯಗಳಲ್ಲಿ ಒಂದು ಕಾಗದಕ್ಕೆ ಮೂರು ಸೆಂಟ್ ಅಂಚೆಚೀಟಿ. ಸಿಪಾಯಿಯ ಸಂಬಳ ತಿಂಗಳಿಗೆ 13 ಡಾಲರ್, ಅದೂ ಎಷ್ಟೋ ಸಲ ತಿಂಗಳುಗಟ್ಟಲೆ ತಡ. ಅಂಚೆಚೀಟಿಗೆ ಕಾಸಿಲ್ಲದವನು ಲಕೋಟೆಯ ಮೇಲೆ ‘ಸಿಪಾಯಿಯ ಪತ್ರ’ ಎಂದು ಬರೆದು ಕಳಿಸಬಹುದಿತ್ತು, ಹಣವನ್ನು ಮನೆಯವರು ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ದಕ್ಷಿಣದಲ್ಲಂತೂ ಕಾಗದಕ್ಕೇ ಬರ. ಗೋಡೆಗೆ ಅಂಟಿಸುವ ಹೂವಿನ ಚಿತ್ತಾರದ ಕಾಗದವನ್ನು ಕತ್ತರಿಸಿ ಲಕೋಟೆ ಮಾಡಿದರು. ಬಂದ ಲಕೋಟೆಯನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ, ಮತ್ತೆ ಅಂಟಿಸಿ ಕಳಿಸಿದರು. ಹಾಳೆ ತುಂಬಿದರೆ ಅದನ್ನೇ ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆ ಮತ್ತೆ ಬರೆದರು. ಅಂಥ ಪುಟ ಮೊದಲ ನೋಟಕ್ಕೆ ಕಿಟಕಿಯ ಜಾಲರಿಯಂತೆ ಕಾಣುತ್ತದೆ. ಅದನ್ನು ದೀಪದ ಹತ್ತಿರ ಹಿಡಿದು ಅಕ್ಷರ ಅಕ್ಷರವಾಗಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳನ್ನು ನೆನೆದರೆ ಕಣ್ಣು ತೇವವಾಗುತ್ತದೆ.

ಈ ಕಾಗದಗಳು ನಮ್ಮ ಕಾಲದವರೆಗೆ ಉಳಿದು ಬಂದ ಬಗೆಯೇ ಒಂದು ಕಥೆ.

ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರ ರೈತನ ಹಿರಿಯ ಮಗಳು ಸಾರಾ ರೊಸೆಟ್ಟಾ ವೇಕ್‌ಮನ್. ಮನೆ ತುಂಬ ಮಕ್ಕಳು, ತಲೆಯ ಮೇಲೆ ಸಾಲ. ಆಕೆ ಗಂಡಿನ ಉಡುಪು ತೊಟ್ಟು ದುಡಿಯಲು ಹೋದಳು. 1862ರಲ್ಲಿ, 19ನೆಯ ವಯಸ್ಸಿನಲ್ಲಿ, ಲಯನ್ಸ್ ವೇಕ್‌ಮನ್ ಎಂಬ ಹೆಸರಿನಲ್ಲಿ ಸೇನೆ ಸೇರಿದಳು. ಮನೆಗೆ ಹಣ ಕಳಿಸುತ್ತಿದ್ದಳು. ಯುದ್ಧ ಮುಗಿದ ಮೇಲೆ ಬಯಲುಸೀಮೆಯಲ್ಲಿ ಸ್ವಂತ ಜಮೀನು ಕೊಳ್ಳುತ್ತೇನೆ ಎಂದು ಬರೆದಳು. ಪಾಳೆಯದಲ್ಲಿ ಯಾರಿಗೂ ಗೊತ್ತಿಲ್ಲದ ರೊಸೆಟ್ಟಾ ಎಂಬ ಹೆಸರು ಮನೆಗೆ ಬರೆದ ಕಾಗದಗಳ ಕೊನೆಯಲ್ಲಿ ಇದೆ. 1864ರ ಏಪ್ರಿಲ್‌ನಲ್ಲಿ ಲೂಯಿಸಿಯಾನದ ಕಾಳಗದಲ್ಲಿ ಗಂಟೆಗಟ್ಟಲೆ ಗುಂಡಿನ ಮಳೆಯಲ್ಲಿದ್ದು, ರಾತ್ರಿಯೆಲ್ಲ ರಣದಲ್ಲೇ ಮಲಗಿ ಬದುಕಿ ಬಂದಳು. ಜೂನ್ 19ರಂದು ನ್ಯೂ ಆರ್ಲಿಯನ್ಸ್‌ನ ಆಸ್ಪತ್ರೆಯಲ್ಲಿ ಅತಿಸಾರದಿಂದ ತೀರಿಕೊಂಡಳು. ಸಮಾಧಿಯ ಕಲ್ಲಿನ ಮೇಲೆ ಲಯನ್ಸ್ ಎಂದೇ ಇದೆ. ಕಾಗದಗಳನ್ನು ಮನೆಯವರು ನೂರಕ್ಕೂ ಹೆಚ್ಚು ವರ್ಷ ಅಟ್ಟದ ಮೇಲೆ ಇಟ್ಟಿದ್ದರು. ಸುಟ್ಟುಹಾಕಿದ್ದರೆ ರೊಸೆಟ್ಟಾ ಯಾರೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಇನ್ನೊಂದು ಕಾಗದ ಉಳಿದದ್ದು ಹಗೆಯ ಕೈಯಿಂದ. ಸ್ಪಾಟ್ಸ್‌ವುಡ್ ರೈಸ್ ಎಂಬ ಕಪ್ಪು ಸಿಪಾಯಿ ಮಿಸೌರಿಯಲ್ಲಿ ಗುಲಾಮನಾಗಿದ್ದು, 1864ರಲ್ಲಿ ಒಕ್ಕೂಟದ ಸೇನೆ ಸೇರಿದವನು. ಗುಲಾಮರನ್ನು ಬಿಡುಗಡೆ ಮಾಡಿದ ಅಧ್ಯಕ್ಷ ಲಿಂಕನ್ ಅವರ 1863ರ ವಿಮೋಚನಾ ಘೋಷಣೆ ದಂಗೆಯೆದ್ದ ರಾಜ್ಯಗಳಿಗೆ ಮಾತ್ರ, ಒಕ್ಕೂಟದಲ್ಲೇ ಉಳಿದಿದ್ದ ಮಿಸೌರಿಗೆ ಅನ್ವಯಿಸಿರಲಿಲ್ಲ, ಹಾಗಾಗಿ ಅವನ ಹೆಣ್ಣುಮಕ್ಕಳು ಇನ್ನೂ ಒಡೆಯರ ಮನೆಯಲ್ಲಿ ಗುಲಾಮರಾಗಿಯೇ ಇದ್ದರು. ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸ್‌ನ ಸೇನಾ ಆಸ್ಪತ್ರೆಯಿಂದ ಅವನು ಮಕ್ಕಳಿಗೆ ಬರೆದ: ನಿಮ್ಮನ್ನು ಮರೆತಿಲ್ಲ, ಜೀವ ಹೋದರೂ ಬಿಡಿಸಿಕೊಂಡು ಹೋಗುತ್ತೇನೆ. ಒಬ್ಬ ಮಗಳ ಒಡತಿಗೂ ಬರೆದ: ಮೇರಿ ನನ್ನ ಮಗು, ಅವಳು ದೇವರು ನನಗೆ ಕೊಟ್ಟ ಹಕ್ಕು. ಕಾಗುಣಿತ ತಪ್ಪುಗಳಿಂದ ತುಂಬಿದ ಬರಹ ಅದು. ಅಂಥ ಗಟ್ಟಿ ದನಿಯ ಕಾಗದವನ್ನು ಆ ಯುದ್ಧದ ಇನ್ನಾವ ಸಿಪಾಯಿಯಿಂದಲೂ ನಾನು ಓದಿಲ್ಲ. ಒಡತಿಯ ಸಹೋದರ ಅವಳ ಊರಿನ ಅಂಚೆ ಮಾಸ್ತರ. ಗುಲಾಮನಾಗಿದ್ದವನು ಹೀಗೆ ಬರೆಯುವುದೇ ಎಂದು ಕೆರಳಿ, ಎರಡೂ ಕಾಗದಗಳನ್ನು ಸೇನಾಪತಿಗೆ ದೂರಿನೊಂದಿಗೆ ಕಳಿಸಿದ. ಅಪ್ಪನ ಕಾಗದ ಸರ್ಕಾರದ ಕಡತ ಸೇರಿ ಉಳಿಯಿತು. ಮರುವರ್ಷ ಜನವರಿಯಲ್ಲಿ ಮಿಸೌರಿ ತಾನೇ ಗುಲಾಮಗಿರಿಯನ್ನು ರದ್ದುಪಡಿಸಿತು. ಮೇರಿ ಮುದುಕಿಯಾಗುವವರೆಗೆ ಬದುಕಿ, 1930ರ ದಶಕದಲ್ಲಿ ತನ್ನನ್ನು ಕಾಣಲು ಬಂದವರಿಗೆ ಅಪ್ಪನ ಕಥೆ ಹೇಳಿದಳು.

ಕೊನೆಯದಾಗಿ ತಾಯಂದಿರ ಮಾತು. 1862ರ ಕಾನೂನಿನಂತೆ, ಸತ್ತ ಸಿಪಾಯಿಯ ದುಡಿಮೆಯನ್ನೇ ನಂಬಿದ್ದ ತಾಯಿಗೂ ತಿಂಗಳಿಗೆ ಎಂಟು ಡಾಲರ್ ಪಿಂಚಣಿ ದೊರೆಯುತ್ತಿತ್ತು. ಆದರೆ ಮಗನೇ ತನ್ನನ್ನು ಸಾಕುತ್ತಿದ್ದನೆಂದು ಆಕೆ ರುಜುವಾತು ಮಾಡಬೇಕು. ಬಡವಿಯ ಬಳಿ ಇನ್ನೇನು ದಾಖಲೆ ಇದ್ದೀತು? ಪೆಟ್ಟಿಗೆಯಲ್ಲಿ ಮಗನ ಕಾಗದಗಳಿದ್ದವು. ಈ ತಿಂಗಳು ಇಷ್ಟು ಹಣ ಕಳಿಸಿದ್ದೇನೆ, ಬಾಡಿಗೆ ಕೊಡು, ಉಳಿದುದರಲ್ಲಿ ನಿನಗೊಂದು ಉಡುಪು ಹೊಲಿಸಿಕೋ ಎಂಬಂಥ ಸಾಲುಗಳೇ ಸಾಕ್ಷಿಯಾದವು. ಮಗನಿಂದ ಉಳಿದದ್ದು ಅಷ್ಟೇ ಆದರೂ, ಎಷ್ಟೋ ತಾಯಂದಿರು ಆ ಕಾಗದಗಳನ್ನು ಅರ್ಜಿಗೆ ಲಗತ್ತಿಸಿ ಕಚೇರಿಗೆ ಕೊಟ್ಟರು. ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದ ಪಿಂಚಣಿ ಕಡತಗಳಲ್ಲಿ ಅವು ಇಂದಿಗೂ ಇವೆ, ಮಡಿಕೆಯ ಗುರುತಿನೊಡನೆ.

ನಮಸ್ಕಾರ.