ಕುತ್ತಿಗೆಯ ನೆಟಿಗೆ ಬೇಡ ಅನ್ನಿ

ಕೇಳುಗರೇ, ನಮಸ್ಕಾರ.

ಕಟಿಂಗ್ ಮುಗಿದ ಮೇಲೆ ಸಲೂನಿನಲ್ಲಿ ತಲೆಗೆ ಒಂದಿಷ್ಟು ಮಸಾಜ್ ಸಿಗುತ್ತದೆ. ಹಾಯಾಗಿ ಕಣ್ಣು ಮುಚ್ಚುತ್ತೇವೆ. ಅಷ್ಟರಲ್ಲಿ ಗದ್ದ, ನೆತ್ತಿ ಹಿಡಿದು ಕುತ್ತಿಗೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಫಟ್ಟನೆ ತಿರುಗಿಸುತ್ತಾರೆ. ನೆಟಿಗೆ ಬಂತು, ಮೈ ಹಗುರಾಯಿತು ಅಂದುಕೊಳ್ಳುತ್ತೇವೆ, ಅಲ್ವಾ? ದಯವಿಟ್ಟು ಅದನ್ನು ಮಾಡಿಸಿಕೊಳ್ಳಬೇಡಿ.

ಮಿದುಳಿಗೆ ರಕ್ತ ಹೋಗುವುದೇ ಕುತ್ತಿಗೆಯ ನಾಲ್ಕು ದೊಡ್ಡ ರಕ್ತನಾಳಗಳ ಮೂಲಕ. ಎರಡು ಮುಂದಿನ ಬದಿಯಲ್ಲಿವೆ. ಇನ್ನೆರಡು ಕುತ್ತಿಗೆ ಮೂಳೆಗಳ ತೂತುಗಳಲ್ಲಿ ನುಸುಳಿಕೊಂಡು ಮೇಲೇರುತ್ತವೆ. ತಲೆಯನ್ನು ಏಕಾಏಕಿ ತಿರುಚಿದರೆ ನಾಳದ ಒಳಪದರ ಹರಿಯಬಹುದು. ಹೊರಗೆ ಏನೂ ಕಾಣುವುದಿಲ್ಲ. ಹರಿದ ಕಡೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವ ಹೊಡೆಯುತ್ತದೆ. ಇದು ಅಪರೂಪ, ನಿಜ. ಆದರೆ 2024ರಲ್ಲಿ ನಮ್ಮ ಬಳ್ಳಾರಿಯ ಯುವಕನೊಬ್ಬನಿಗೆ ಸಲೂನಿನ ಮಸಾಜ್ ಆದ ಮೇಲೆ ಹೀಗೇ ಆಯಿತು. ಮನೆಗೆ ಹೋದ ಮೇಲೆ ಮಾತು ನಿಂತಿತು, ಎಡಭಾಗ ಸೋತಿತು. ಚಿಕಿತ್ಸೆಯಿಂದ ಚೇತರಿಸಿಕೊಂಡ.

ಲಕ್ಷಣಗಳು ಆಗಲೇ ಬರಬೇಕೆಂದಿಲ್ಲ. ಕೆಲವು ಗಂಟೆ ಬಿಟ್ಟು ಬರಬಹುದು, ಕೆಲವು ದಿನ ಬಿಟ್ಟೂ ಬರಬಹುದು. ಕುತ್ತಿಗೆಯ ಒಂದೇ ಬದಿ ಜೋರು ನೋವು, ತಲೆಸುತ್ತು, ಎಲ್ಲ ಎರಡೆರಡಾಗಿ ಕಾಣುವುದು, ನಾಲಿಗೆ ತೊದಲುವುದು, ಬಾಯಿ ಸೊಟ್ಟಗಾಗುವುದು. ನಿದ್ದೆ ಮಾಡಿದರೆ ಸರಿಹೋಗುತ್ತದೆ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಸಲೂನಿಗೆ ಹೋಗಿದ್ದನ್ನೂ ಡಾಕ್ಟರಿಗೆ ಹೇಳಿ.

ಬ್ಯೂಟಿ ಪಾರ್ಲರಿಗೆ ಹೋಗುವ ಅಕ್ಕಂದಿರಿಗೂ ಒಂದು ಮಾತು. ಕೂದಲು ತೊಳೆಯುವ ಬೇಸಿನ್ನಿನ ಅಂಚಿಗೆ ಕುತ್ತಿಗೆ ಇಟ್ಟು ತುಂಬಾ ಹೊತ್ತು ಹಿಂದಕ್ಕೆ ಬಾಗಿದರೂ ಈ ನಾಳಗಳು ಒತ್ತಿಹೋಗಿ ಲಕ್ವ ಹೊಡೆಯಬಹುದು. 1993ರಲ್ಲೇ ಅಮೆರಿಕದ ವೈದ್ಯರೊಬ್ಬರು ಇದಕ್ಕೆ ಬ್ಯೂಟಿ ಪಾರ್ಲರ್ ಸ್ಟ್ರೋಕ್ ಎಂದು ಹೆಸರಿಟ್ಟರು. ಕುತ್ತಿಗೆಯಡಿ ಟವೆಲ್ ಮಡಚಿ ಇಡಿಸಿಕೊಳ್ಳಿ. ತಲೆ ಸುತ್ತಿದರೆ ತಕ್ಷಣ ಎದ್ದು ಕೂರಿ.

ಇನ್ನು ಬ್ಲೇಡು. ಹೊಸದು ಹಾಕಿ ಎಂದು ಕೇಳುವವರು ಈಗ ಜಾಸ್ತಿ. ಆದರೆ ಶೇವ್ ಆದ ಮೇಲೆ ಎಲ್ಲರ ಕೆನ್ನೆಗೂ ಉಜ್ಜುವ ಪಟಿಕದ ಕಲ್ಲನ್ನು ಯಾರೂ ಗಮನಿಸುವುದಿಲ್ಲ. ಒಬ್ಬರ ಗಾಯದ ರಕ್ತ ಇನ್ನೊಬ್ಬರಿಗೆ ತಾಗುವುದು ಅಲ್ಲೇ. ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಏಳು ದಿನವಾದರೂ ಬದುಕಿರಬಲ್ಲದು. ಅದಕ್ಕೆ ಲಸಿಕೆ ಇದೆ, ಹೆಪಟೈಟಿಸ್ ಸಿಗೆ ಇಲ್ಲ.

ರೇಡಿಯೋ ಹಾಕಿಕೊಂಡು ಕತ್ತರಿ ಆಡಿಸುತ್ತಿರುವ ಅಣ್ಣಂದಿರೇ, ನಿಮ್ಮ ಕಸುಬಿನ ಮೇಲೆ ನನಗೆ ಗೌರವವಿದೆ. ತಲೆಗೆ ಎಣ್ಣೆ ಹಾಕಿ ಮೆಲ್ಲಗೆ ತಿಕ್ಕಿ, ಭುಜ ಒತ್ತಿ. ಗಿರಾಕಿ ತಾನಾಗಿ ಕೇಳಿದರೂ ಕುತ್ತಿಗೆ ಮಾತ್ರ ತಿರುಗಿಸಬೇಡಿ.