ಮೇಜಿನ ಮೇಲಿನ ಸ್ಪೀಕರಿಗೆ ಎಷ್ಟು ವ್ಯಾಟ್ ಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹಾಸನದಲ್ಲಿ ಯಾವುದಾದರೂ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಆಂಪ್ಲಿಫೈಯರ್ ಬೇಕು ಅನ್ನಿ. "ಎಷ್ಟು ವ್ಯಾಟಿಂದು ಸಾರ್?" ಅಂತಲೇ ಮೊದಲ ಮಾತು. ಗಣೇಶನ ಪೆಂಡಾಲು, ಮದುವೆ ಛತ್ರ, ಊರ ಜಾತ್ರೆಗೆ ಸೆಟ್ ಕೊಟ್ಟು ರೂಢಿಯಾದ ಬಾಯಿ ಅದು. ಅಲ್ಲಿ ವ್ಯಾಟ್ ಕೇಳುವುದು ಸರಿಯೇ. ಆದರೆ ನಾನು ಇವತ್ತು ಮಾತಾಡುತ್ತಿರುವುದು ಓದುವ ಮೇಜಿನ ಬಗ್ಗೆ. ಲ್ಯಾಪ್‌ಟಾಪಿನ ಎಡಕ್ಕೊಂದು, ಬಲಕ್ಕೊಂದು ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್. ನಡುವೆ ಅಥವಾ ಪಕ್ಕದಲ್ಲಿ ಒಂದು ಸಣ್ಣ ಸ್ಟೀರಿಯೋ ಆಂಪ್ಲಿಫೈಯರ್. ಇಷ್ಟಕ್ಕೆ ವ್ಯಾಟಿನ ಪ್ರಶ್ನೆ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಹಾಡು ನಿಂತಾಗ ಈ ಡಬ್ಬ ಎಷ್ಟು ಸುಮ್ಮನಿರುತ್ತದೆ ಅಂತ ಕೇಳಿ. ಅಲ್ಲಿಂದ ಶುರು ಮಾಡಿದರೆ ದುಡ್ಡೂ ಉಳಿಯುತ್ತದೆ, ಕಿವಿಯೂ ಉಳಿಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ರೇಡಿಯೋ. ಯಾವ ಕಂಪನಿಯದು ತಗೊಳ್ಳಿ ಅಂತ ಇಲ್ಲಿ ಹೇಳುವ ಹಾಗಿಲ್ಲ. ಒಳಗಿನ ಚಿಪ್ಪಿನ ನಂಬರ್ ಹೇಳುತ್ತೇನೆ, ಅದು ನಿಮಗೆ ಹೆಸರಿಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಇನ್ನೊಂದು, ನಿಮ್ಮ ಸ್ಪೀಕರಿನ ಹಿಂದೆ ಕರೆಂಟಿನ ವೈರೇ ಇದ್ದರೆ ಆಂಪ್ಲಿಫೈಯರ್ ಅದರೊಳಗೇ ಇದೆ ಅಂತ ಅರ್ಥ. ನೀವು ಏನೂ ಕೊಳ್ಳಬೇಕಿಲ್ಲ. ಹಿಂದೆ ಬರೀ ವೈರ್ ಸಿಗಿಸುವ ಕೆಂಪು, ಕಪ್ಪು ತಿರುಪು ಇದ್ದರೆ ಮಾತ್ರ ಈ ಮಾತೆಲ್ಲ ನಿಮಗೆ.

ಈಗ ವ್ಯಾಟಿನ ಲೆಕ್ಕ ನೋಡೋಣ. ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತದೆ. ಪುಟ್ಟ ಸ್ಪೀಕರುಗಳಲ್ಲಿ ಅದು ಸಾಮಾನ್ಯವಾಗಿ 83ರಿಂದ 88 ಡೆಸಿಬೆಲ್. 86 ಅಂತ ಇದ್ದರೆ, 8 ಓಮ್ ತಡೆಯ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಸದ್ದು. ಮೇಜಿನ ಮುಂದೆ ನಾವು ಒಂದು ಮೀಟರಿಗಿಂತ ಹತ್ತಿರವೇ ಕೂತಿರುತ್ತೇವೆ. ಸ್ಪೀಕರೂ ಎರಡು. ಎರಡೂ ಸೇರಿ ಒಂದೊಂದು ವ್ಯಾಟಿಗೆ ಕಿವಿಯ ಹತ್ತಿರ 90 ಡೆಸಿಬೆಲ್ ಆಸುಪಾಸು ಬರುತ್ತದೆ. ನೆಮ್ಮದಿಯಾಗಿ ಹಾಡು ಕೇಳುವುದಕ್ಕೆ 70ರಿಂದ 75 ಸಾಕು. ಅಂದರೆ ಹಾಡು ನಡೆಯುವ ಹೊತ್ತಿನ ಬಹುಪಾಲು ನಿಮಗೆ ಒಂದು ವ್ಯಾಟೂ ಬೇಕಿಲ್ಲ! ಮೃದಂಗದ ಒಂದು ಗಟ್ಟಿ ಪೆಟ್ಟು ಬಂದಾಗ ಸದ್ದು ಹದಿನೈದು, ಇಪ್ಪತ್ತು ಡೆಸಿಬೆಲ್ ಮೇಲಕ್ಕೆ ಹಾರುತ್ತದೆ. ಆಗ ಕೆಲವು ವ್ಯಾಟ್ ಬೇಕಾಗುತ್ತದೆ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು.

ಜಾಸ್ತಿ ವ್ಯಾಟ್ ಇದ್ದರೆ ಒಳ್ಳೆಯದಲ್ವಾ ಅಂತ ಕೇಳಬಹುದು. 50 ವ್ಯಾಟಿನದಕ್ಕೂ 100 ವ್ಯಾಟಿನದಕ್ಕೂ ಸದ್ದಿನಲ್ಲಿ ವ್ಯತ್ಯಾಸ 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿರುವ ಗೆರೆ 80 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ. ಮಕ್ಕಳಿಗೆ 75. ಮೇಜಿನ ಮುಂದೆ ದಿನವಿಡೀ ಕೂತು ಕೆಲಸ ಮಾಡುವವರು ಈ ಗೆರೆ ದಾಟಿದರೆ ಗೊತ್ತೂ ಆಗುವುದಿಲ್ಲ.

ಹಾಗಾದರೆ ಹತ್ತಿರ ಕೂತವರಿಗೆ ತೊಂದರೆ ಕೊಡುವುದು ಏನು? ಹಾಡಿಲ್ಲದಾಗ ಟ್ವೀಟರಿನಿಂದ, ಅಂದರೆ ಸ್ಪೀಕರಿನಲ್ಲಿ ತಾರ ಸ್ವರ ಹೊರಡಿಸುವ ಸಣ್ಣ ಭಾಗದಿಂದ, ಬರುವ ಸಣ್ಣ "ಸ್ಸ್" ಸದ್ದು. ಹಾಲಿನಲ್ಲಿ ಹತ್ತು ಅಡಿ ದೂರದ ಸೋಫಾದಲ್ಲಿ ಕೂತವರಿಗೆ ಅದು ಕೇಳಿಸುವುದೇ ಇಲ್ಲ. ಎರಡೂವರೆ ಅಡಿಯಲ್ಲಿ, ಅದರಲ್ಲೂ ಫ್ಯಾನ್ ಬೇಡವಾದ ನಮ್ಮೂರಿನ ರಾತ್ರಿಯಲ್ಲಿ, ಚೆನ್ನಾಗಿ ಕೇಳಿಸುತ್ತದೆ. ಇದಕ್ಕೆ ಮುಖ್ಯ ಕಾರಣ ಗೇನ್. ಬಂದ ಸಿಗ್ನಲನ್ನು ಆಂಪ್ಲಿಫೈಯರ್ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವ ಅಂಕಿ ಅದು. 20 ಡೆಸಿಬೆಲ್ ಗೇನ್ ಅಂದರೆ ಹತ್ತು ಪಟ್ಟು. 26 ಅಂದರೆ ಇಪ್ಪತ್ತು ಪಟ್ಟು. 36 ಅಂದರೆ ಅರವತ್ತಕ್ಕೂ ಮೇಲೆ. ಸಣ್ಣ ಆಂಪ್ಲಿಫೈಯರುಗಳಲ್ಲಿ ತುಂಬಾ ಬಳಕೆಯಾಗುವ ಟಿಪಿಎ 3116 ಅನ್ನುವ ಚಿಪ್ಪನ್ನೇ ತಗೊಳ್ಳಿ. ಅದರಲ್ಲಿ 20, 26, 32, 36 ಈ ನಾಲ್ಕರಲ್ಲಿ ಯಾವುದಕ್ಕೆ ಬೇಕಾದರೂ ಗೇನ್ ಇಡಬಹುದು. ಯಾವುದಕ್ಕೆ ಇಡಬೇಕು ಅಂತ ತೀರ್ಮಾನ ಮಾಡುವವರು ಡಬ್ಬ ಮಾಡಿದವರು. ಅಂಗಡಿಯಲ್ಲಿ ಜೋರಾಗಿ ಕೇಳಿಸಲಿ ಅಂತ ಕೆಲವರು ಗೇನ್ ಏರಿಸಿಬಿಡುತ್ತಾರೆ. ಒಂದು ಯುಎಸ್‌ಬಿ ಡ್ಯಾಕ್, ಅಂದರೆ ಕಂಪ್ಯೂಟರಿನ ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡಿಕೊಡುವ ಸಾಧನ, ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತದೆ. ಅದನ್ನು ಇಪ್ಪತ್ತು ಪಟ್ಟು ಮಾಡಿದರೆ 40 ವೋಲ್ಟ್. ಅಡಾಪ್ಟರ್ ಕೊಡುವುದೇ 24 ವೋಲ್ಟ್! ಅದಕ್ಕಿಂತ ಜಾಸ್ತಿ ಗೇನ್ ಇಟ್ಟು ಏನು ಬಂತು? ಸ್ಸ್ ಸದ್ದು ಬಂತು, ಅಷ್ಟೇ. ವಾಲ್ಯೂಮ್ ತಿರುಪು ಸಾಮಾನ್ಯವಾಗಿ ಚಿಪ್ಪಿಗಿಂತ ಮೊದಲೇ ಇರುವುದರಿಂದ, ಚಿಪ್ಪಿನ ಸ್ವಂತ ಸದ್ದು ವಾಲ್ಯೂಮ್ ಇಳಿಸಿದರೂ ಇಳಿಯುವುದಿಲ್ಲ.

ಗೇನ್ ಜಾಸ್ತಿ ಇದ್ದರೆ ಇನ್ನೊಂದು ಕಿರಿಕಿರಿ. ವಾಲ್ಯೂಮ್ ತಿರುಪನ್ನು ಗಡಿಯಾರದ ಎಂಟೂವರೆ, ಒಂಬತ್ತರ ಮುಳ್ಳಿಗಿಂತ ಮೇಲೆ ತಿರುಗಿಸುವ ಹಾಗೇ ಇರುವುದಿಲ್ಲ. ಅಗ್ಗದ ತಿರುಪುಗಳಲ್ಲಿ ಆ ಶುರುವಿನ ಜಾಗದಲ್ಲೇ ಎಡ, ಬಲ ಸಮ ಇರುವುದಿಲ್ಲ. ಹಾಡೆಲ್ಲ ಒಂದು ಕಡೆಗೆ ವಾಲಿದ ಹಾಗೆ ಕೇಳುತ್ತದೆ.

ಗೇನಿನ ಮಾತು ಬಂದಿದ್ದರಿಂದ ನಮ್ಮೂರ 4440 ಬೋರ್ಡಿನ ವಿಷಯವನ್ನೂ ಹೇಳಲೇಬೇಕು. ರಿಪೇರಿ ಅಂಗಡಿಗಳಲ್ಲಿ ಅಸೆಂಬಲ್ ಮಾಡಿಕೊಡುವ ಆಂಪ್ಲಿಫೈಯರುಗಳಲ್ಲಿ ದಶಕಗಳಿಂದ ಇದೇ ಐಸಿ. ಎಡಕ್ಕೊಂದು, ಬಲಕ್ಕೊಂದು ತಲಾ 6 ವ್ಯಾಟಿನ ಎರಡು ಚಾನೆಲ್, ಎರಡನ್ನೂ ಸೇರಿಸಿ ಒಂದೇ ಸ್ಪೀಕರಿಗೆ ಬ್ರಿಡ್ಜ್ ಮಾಡಿದರೆ 19 ವ್ಯಾಟ್. ಈಗ ಹಾಕಿದ ಲೆಕ್ಕದ ಪ್ರಕಾರ ಮೇಜಿಗೆ 6 ವ್ಯಾಟ್ ಧಾರಾಳವಾಯಿತು. ಆದರೆ ಅದರ ಗೇನ್ 50 ಡೆಸಿಬೆಲಿಗೂ ಮೇಲೆ, ಅಂದರೆ ಮುನ್ನೂರು ಪಟ್ಟಿಗಿಂತ ಜಾಸ್ತಿ. ಕಾರಿನ ಕ್ಯಾಸೆಟ್ ಕಾಲಕ್ಕೆ ಹೊಂದುವ ಐಸಿ ಅದು. ಓಡುವ ಕಾರಿನ ಗಲಾಟೆಯಲ್ಲಿ ಸ್ಸ್ ಸದ್ದನ್ನು ಯಾರು ಕೇಳುತ್ತಾರೆ? ಮೇಜಿನ ಮೇಲೆ ಅದೇ ಎದ್ದು ಕೇಳುತ್ತದೆ. ಜೊತೆಗೆ ಪಕ್ಕದಲ್ಲೇ ಕೂತ ಟ್ರಾನ್ಸ್‌ಫಾರ್ಮರಿನ ಗುಂಯ್ ಬೇರೆ. ಅಂಗಡಿಯ ಹುಡುಗ ಎಷ್ಟೇ ಚೆನ್ನಾಗಿ ಬೆಸುಗೆ ಹಾಕಿದರೂ ಇದು ಹೋಗುವುದಿಲ್ಲ. ಮನೆಯ ಜಗುಲಿಗೆ, ಕೊಟ್ಟಿಗೆಗೆ ಹಾಕಿಕೊಳ್ಳಿ, ಸೊಗಸಾಗಿ ಹಾಡುತ್ತದೆ.

ಈಗ ಹೊಸ ಡಬ್ಬಗಳು. ಇವತ್ತಿನ ಪುಟ್ಟ ಆಂಪ್ಲಿಫೈಯರ್ ಹೆಚ್ಚೂಕಡಿಮೆ ಎಲ್ಲವೂ ಕ್ಲಾಸ್ ಡಿ. ಇವು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕರೆಂಟನ್ನು ಹಾಕಿ ಆರಿಸಿ ಕೆಲಸ ಮಾಡುತ್ತವೆ. ಜೋರಾಗಿ ಹಾಡುವಾಗಲೂ ತಗೊಂಡ ಕರೆಂಟಿನಲ್ಲಿ ಶೇಕಡ 90ರಷ್ಟು ಸ್ಪೀಕರಿಗೇ ಹೋಗುತ್ತದೆ. ಹಾಗಾಗಿ ಬಿಸಿ ಕಡಿಮೆ, ಡಬ್ಬ ಅಂಗೈಯಗಲ ಸಾಕು. ಸ್ವರ ಒರಟು ಅನ್ನುವ ಹಳೇ ದೂರು ಈಗಿನ ಒಳ್ಳೆಯ ಚಿಪ್ಪುಗಳಿಗೆ ಸಲ್ಲುವುದಿಲ್ಲ.

ಡಬ್ಬದ ಮೇಲೆ ಬರೆದ ಅಂಕಿಗಿಂತ ಮೊದಲು ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿ. ಮಹಡಿಯ ಮೇಲಿನ ನೀರಿನ ಟ್ಯಾಂಕ್ ಎಷ್ಟು ಎತ್ತರವೋ ನಲ್ಲಿಯಲ್ಲಿ ಅಷ್ಟೇ ಜೋರು. ಇಲ್ಲಿ ವೋಲ್ಟೇ ಆ ಎತ್ತರ. 8 ಓಮ್ ಸ್ಪೀಕರಿಗೆ 12 ವೋಲ್ಟಿನ ಅಡಾಪ್ಟರಿನಿಂದ ಚಾನೆಲ್ಲಿಗೆ ಹೆಚ್ಚೆಂದರೆ 9 ವ್ಯಾಟ್. ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರಿನಿಂದ 22. 24 ವೋಲ್ಟಿನಿಂದ 36. ವೋಲ್ಟಿಗೆ ವೋಲ್ಟನ್ನೇ ಗುಣಿಸಿ, ಬಂದದ್ದನ್ನು ಓಮಿನ ಎರಡರಷ್ಟರಿಂದ ಭಾಗಿಸಿ, ನೀವೇ ಲೆಕ್ಕ ಹಾಕಬಹುದು. 4 ಓಮ್ ಸ್ಪೀಕರಾದರೆ ಇದರ ಎರಡರಷ್ಟು, ಅಡಾಪ್ಟರಿಗೆ ಅಷ್ಟು ಆಂಪಿಯರ್ ಕೊಡುವ ಶಕ್ತಿ ಇದ್ದರೆ. ಈಗ ಜೋರಾಗಿ ಓಡುತ್ತಿರುವ ಟಿಪಿಎ 3255 ಚಿಪ್ಪಿನ ಡಬ್ಬಗಳ ಮೇಲೆ 300 ವ್ಯಾಟ್, ಎರಡು ಚಾನೆಲ್ ಅಂತ ಇರುತ್ತದೆ. ಜೊತೆಗೆ ಬರುವ ಅಡಾಪ್ಟರ್ 32 ವೋಲ್ಟ್, 5 ಆಂಪಿಯರ್ ಅಂತಿಟ್ಟುಕೊಳ್ಳಿ. ಗುಣಿಸಿ ನೋಡಿ, ಒಟ್ಟು 160 ವ್ಯಾಟ್. 160 ಒಳಗೆ ಹೋಗಿ 600 ಹೊರಗೆ ಬರುವ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಆ ಅಂಕಿ ಚಿಪ್ಪಿನ ತಾಕತ್ತು, ಅದೂ ಸ್ವರ ಶೇಕಡ 10ರಷ್ಟು ಕೆಟ್ಟ ಮೇಲೆ ಅಳೆದದ್ದು. ಶೇಕಡ 1ಕ್ಕಿಂತ ಕಡಿಮೆ ಕೆಡುವಾಗ ಎಷ್ಟು ಅಂತ ಬರೆದಿರುವ ಕಂಪನಿಯನ್ನು ನಾನು ಜಾಸ್ತಿ ನಂಬುತ್ತೇನೆ. ಪಿಎಂಪಿಒ, ಅಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿ, ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರಂತೂ ಕೆಳಗಿಟ್ಟು ಬನ್ನಿ.

ಇಷ್ಟೆಲ್ಲ ಆದಮೇಲೆ ನನ್ನ ಆಯ್ಕೆ ಕೇಳಿದರೆ, 24 ವೋಲ್ಟಿನ ಸಾದಾ 3116 ಚಿಪ್ಪಿನ ಸದ್ದಿಲ್ಲದ ಡಬ್ಬವೇ ಮೇಜಿಗೆ ಸಾಕು. ಉಳಿದ ದುಡ್ಡನ್ನು ಸ್ಪೀಕರಿಗೆ ಹಾಕಿ. ಸ್ವರದ ಬಣ್ಣ ಬದಲಾಗುವುದು ಸ್ಪೀಕರಿನಲ್ಲಿ. ನಾಳೆ ಹಾಲಿಗೆ ದೊಡ್ಡ ಸ್ಪೀಕರ್ ತರುವ ಆಸೆ ಇದ್ದರೆ ಆ ದೊಡ್ಡ 3255 ಚಿಪ್ಪು ನೋಡಿ.

ಪ್ಲಗ್ಗುಗಳ ವಿಷಯ ಬೇಗ ಮುಗಿಸುತ್ತೇನೆ. ಲ್ಯಾಪ್‌ಟಾಪಿಗಾದರೆ ಯುಎಸ್‌ಬಿ ಇರಲಿ, ಫೋನಿಗೆ ಬ್ಲೂಟೂತ್ ಇರಲಿ. ಬ್ಲೂಟೂತಿನಲ್ಲಿ ವಿಡಿಯೋ ನೋಡುವಾಗ ತುಟಿ ಮೊದಲು, ಮಾತು ಆಮೇಲೆ ಆಗುವುದುಂಟು. ಬಾಸ್, ಟ್ರೆಬಲ್ ತಿರುಪು ಇದ್ದರೆ ಒಳ್ಳೆಯದು. ಸ್ಪೀಕರನ್ನು ಮೇಜಿನ ಮೇಲೆ ಗೋಡೆಗೆ ಒತ್ತಿ ಇಟ್ಟರೆ ಬಾಸ್ ಗುಮ್ ಅಂತ ಊದಿಕೊಳ್ಳುತ್ತದೆ. ಆ ತಿರುಪಿನಿಂದ ಸ್ವಲ್ಪ ಇಳಿಸಬಹುದು. ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟು ಟ್ವೀಟರನ್ನು ಕಿವಿಯ ಮಟ್ಟಕ್ಕೆ ತಂದರೆ ಇನ್ನೂ ವಾಸಿ.

ವೈರಿನ ಬಗ್ಗೆ ಮಾತ್ರ ಗಮನ ಇಟ್ಟು ಕೇಳಿ. ಈ ಆಂಪ್ಲಿಫೈಯರುಗಳಲ್ಲಿ ಕಪ್ಪು ತಿರುಪೂ ಜೀವಂತ, ಅಂದರೆ ಅದರಲ್ಲೂ ವೋಲ್ಟ್ ಇರುತ್ತದೆ. ಎಡ, ಬಲದ ಕಪ್ಪು ವೈರುಗಳನ್ನು ಒಂದಕ್ಕೊಂದು ಸೇರಿಸಬಾರದು, ಅರ್ಥಿಗೂ ಕೊಡಬಾರದು. ಹಳೇ ಸೆಟ್ಟುಗಳಲ್ಲಿ ಮೂರೇ ವೈರಿನಲ್ಲಿ ಎರಡು ಸ್ಪೀಕರ್ ಎಳೆಯುವ ಪದ್ಧತಿ ಇತ್ತು. ಇಲ್ಲಿ ಹಾಗೆ ಮಾಡಿದರೆ ಚಿಪ್ ಸುಟ್ಟೇ ಹೋಗಬಹುದು. ದುಬಾರಿ ಸ್ಪೀಕರ್ ವೈರ್ ಬೇಡ. ಎಲೆಕ್ಟ್ರಿಕಲ್ ಅಂಗಡಿಯ ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರ್ ಮೇಜಿಗೆ ಬೇಕಾದಷ್ಟಾಯಿತು. ತಾಮ್ರವೇ ಇರಲಿ, ಅಲ್ಯೂಮಿನಿಯಮ್ಮಿಗೆ ತಾಮ್ರ ಬಳಿದದ್ದು ಬೇಡ.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸರಿಯಾಗಿ ಹೋಗಿದೆಯಾ ಅಂತ ನೋಡಲು ನನ್ನ ಧ್ವನಿಯನ್ನೇ ಬಳಸಿಕೊಳ್ಳಿ. ಇಲ್ಲಿ ಇರುವುದು ಒಂದೇ ಮೈಕ್. ಈ ಮಾತನ್ನು ನೀವು ಎರಡು ಸ್ಪೀಕರಿನಲ್ಲಿ, ಸರಿಯಾಗಿ ನಡುವೆ ಕೂತು ಕೇಳುತ್ತಿದ್ದರೆ ನನ್ನ ಧ್ವನಿ ಲ್ಯಾಪ್‌ಟಾಪಿನ ನೇರ ಹಿಂದಿನಿಂದ ಬಂದ ಹಾಗೆ ಇರಬೇಕು. ದಿಕ್ಕೇ ತಿಳಿಯದೆ ಚೆದುರಿ, ತೆಳ್ಳಗೆ ಕೇಳಿದರೆ ಒಂದು ಕಡೆಯ ವೈರ್ ತಿರುಗುಮುರುಗಾಗಿದೆ.

ಇನ್ನು ನಮ್ಮ ಕಡೆಯ ಕರೆಂಟು, ನಮ್ಮ ಕಡೆಯ ಮಳೆ. ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದ ತಕ್ಷಣ ಸ್ಪೀಕರಿನಲ್ಲಿ ಗುರ್ ಅಂತ ಶುರುವಾದರೆ ಆಂಪ್ಲಿಫೈಯರನ್ನು ಬೈಯಬೇಡಿ. ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಕಡೆಯ ಅರ್ಥಿನ ದಾರಿ ಸುತ್ತುಗಟ್ಟಿ ಬರುವ ಸದ್ದು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಹೋಗದಿದ್ದರೆ ಗ್ರೌಂಡ್ ಲೂಪ್ ಐಸೋಲೇಟರ್ ಅನ್ನುವ ಸಣ್ಣ ತುಂಡು ಸಿಗುತ್ತದೆ, ಆಡಿಯೋ ವೈರಿನ ನಡುವೆ ಹಾಕಿ. ಅರ್ಥಿನ ಪಿನ್ ಮುರಿದು ಸದ್ದು ನಿಲ್ಲಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಅದು ಜೀವಕ್ಕೆ ಅಪಾಯ. ಹಳೇ ಮನೆಗಳಲ್ಲಿ ಅರ್ಥಿಂಗೇ ಸರಿ ಇರುವುದಿಲ್ಲ, ಎಲೆಕ್ಟ್ರಿಷಿಯನ್ ಕರೆದು ಮೊದಲು ಅದನ್ನು ನೋಡಿಸಿ. ಮನೆಯಲ್ಲಿ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಆಂಪ್ಲಿಫೈಯರ್ ಕರೆಂಟ್ ಹೋದಾಗ ಗುಂಯ್‌ಗುಡುವುದು ಜಾಸ್ತಿ.

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಸಿಡಿಲಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಟ್ಟಿತು ಅಂದರೆ ಸ್ವಿಚ್ ಆರಿಸಿದರೆ ಸಾಲದು, ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣದ ಮನೆಗಳಲ್ಲಿ ಪ್ಲಗ್ಗಿನ ತುದಿಗೆ ಕಿಲುಬು, ಸ್ಪೀಕರಿನ ಬಟ್ಟೆಗೆ ಬೂಷ್ಟು. ತಿರುಪು ತಿರುಗಿಸಿದಾಗ ಕರಕರ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂದು ಮನೆಯಲ್ಲಿರಲಿ. ಡಬ್ಬವನ್ನು ತಿಂಗಳುಗಟ್ಟಲೆ ಸುಮ್ನೆ ಇಡುವುದಕ್ಕಿಂತ ದಿನಾ ಸ್ವಲ್ಪ ಹೊತ್ತು ಹಾಡಿಸುವುದು ಒಳ್ಳೆಯದು.

ಹಾಸನದ ದೊಡ್ಡ ಶೋರೂಮುಗಳಲ್ಲಿ ನಿಮಗೆ ಕಾಣುವುದು ಹೆಚ್ಚಾಗಿ ಸೌಂಡ್‌ಬಾರ್, ಪಾರ್ಟಿ ಸ್ಪೀಕರ್. ಈ ಸಣ್ಣ ಡಬ್ಬ ಬೇಕಾದರೆ ಆನ್‌ಲೈನಿನಲ್ಲಿ ತರಿಸಬೇಕು, ಇಲ್ಲವೇ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಬೇಕು. ವಾಪಸ್ ತಗೊಳ್ಳುವ ಅವಧಿ ಇರುವ ಕಡೆ ಕೊಳ್ಳಿ, ಆ ಅವಧಿಯೊಳಗೇ ಪರೀಕ್ಷೆ ಮುಗಿಸಿ. ರಾತ್ರಿ ಎಲ್ಲ ಮಲಗಿದ ಮೇಲೆ ಹಾಡಿಲ್ಲದೆ ಆನ್ ಮಾಡಿ, ಕೂರುವ ಜಾಗದಲ್ಲಿ ಕೂತು ಕೇಳಿ. ಟ್ವೀಟರಿಗೆ ಕಿವಿ ಹಚ್ಚಿದಾಗ ಸ್ಸ್ ಬಂದರೆ ಪರವಾಗಿಲ್ಲ, ಕುರ್ಚಿಯಲ್ಲಿ ಕೂತಾಗ ಬಂದರೆ ವಾಪಸ್ ಕಳಿಸಿ. ಆಮೇಲೆ ತಂಬೂರಿ ಶ್ರುತಿ ಒಂದನ್ನು ತೀರಾ ಸಣ್ಣಗೆ ಹಾಕಿ, ಎರಡೂ ಕಡೆ ಸಮ ಇದೆಯಾ ನೋಡಿ.

ಅಡಾಪ್ಟರಿನ ಮೇಲೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತು, ಅದರ ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇದೆಯಾ ಅಂತಲೂ ನೋಡಿ. ಕೆಡುವುದು ಹೆಚ್ಚಾಗಿ ಅದೇ, ಆಂಪ್ಲಿಫೈಯರ್ ಅಲ್ಲ. ಬೇರೆ ಅಡಾಪ್ಟರ್ ತರುವಾಗ ವೋಲ್ಟ್ ಮೊದಲಿನಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು. ಪಿನ್ನಿನ ದಪ್ಪ ತಾಳೆಯಾಗಬೇಕು, ಒಳಗಿನ ತುದಿ ಪಾಸಿಟಿವ್ ಇರಬೇಕಾ ಅಂತ ಹಳೆಯದರ ಮೇಲಿನ ಚಿತ್ರದಲ್ಲಿ ನೋಡಿಕೊಳ್ಳಿ. ಹಳೆಯದನ್ನೇ ಅಂಗಡಿಗೆ ಹಿಡಿದುಕೊಂಡು ಹೋದರೆ ಕೆಲಸ ಸುಲಭ.

ನಮಸ್ಕಾರ.