ಸೊಪ್ಪು ಸಾಲಲ್ಲ

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ನಿಂತು ರೇಷ್ಮೆ ಹುಳದ ಬಗ್ಗೆ ಮಾತಾಡೋದು ಅಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಆದರೂ ಮಾತಾಡುತ್ತೇನೆ. ನನಗೆ ಕೊಟ್ಟ ವಿಷಯ ಹೆಣ್ಣುಮಕ್ಕಳ ಆಸ್ತಿ ಹಕ್ಕು, ಗೊತ್ತು. ಕಾನೂನಿಗೆ ಬರುತ್ತೇನೆ. ಮೊದಲು ಅಮ್ಮನ ವಿಷಯ.

ನಾನೂ ನಮ್ಮಕ್ಕನೂ ಒಂಬತ್ತು ವರ್ಷ ಮಾತು ಬಿಟ್ಟಿದ್ದೆವು. ಕಾರಣ ನಿಮ್ಮ ಮನೆಗಳಲ್ಲೂ ಇರೋದೇ. ಅಪ್ಪ ಹೋದ ಏಳನೇ ದಿನಕ್ಕೆ ಹಕ್ಕು ಬಿಡುಗಡೆ ಪತ್ರ ಬಂತು, ಆಸ್ತಿಯಲ್ಲಿ ನಮ್ಮ ಪಾಲು ಬಿಟ್ಟುಕೊಟ್ಟೆವು ಅಂತ ಬರೆದುಕೊಡೋದು. ನಾನು ಸೈನ್ ಹಾಕಿದೆ, ಅಕ್ಕ ಹಾಕಲಿಲ್ಲ. ಅಣ್ಣನಿಗೆ ನಾನು ಒಳ್ಳೆಯವಳಾದೆ, ಅಕ್ಕನಿಗೆ ದ್ರೋಹಿ. ಅದಕ್ಕೇ ಹೇಳೋದು, ತಿಥಿಗೆ ಮುಂಚೆ ಪತ್ರ ತರಬೇಡಿ. ಆಮೇಲೆ ನಮ್ಮಿಬ್ಬರ ನಡುವೆ ಉಳಿದವಳು ಅಮ್ಮ ಒಬ್ಬಳೇ. "ನಿಮ್ಮಕ್ಕನಿಗೆ ಮಂಡಿ ನೋವಂತೆ" ಅಂತ ಫೋನ್ ಮಾಡೋಳು. "ನನಗ್ಯಾಕೆ ಹೇಳ್ತೀಯ" ಅಂತಿದ್ದೆ, ಆದರೆ ಫೋನ್ ಇಡುತ್ತಿರಲಿಲ್ಲ. ಅಕ್ಕನೂ ಹಾಗೇ ಅಂತೆ.

ಅಮ್ಮ ತೀರಿಕೊಂಡ ದಿನ ಮನೆಯಲ್ಲಿ ನೂರು ಮೊಟ್ಟೆ ಹುಳ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳ ಹುಳ. ಆಗಷ್ಟೇ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ಒಂದು ಹುಳ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಜಾಸ್ತಿ ತಿನ್ನೋದು ಆ ಕೊನೆಯ ಏಳೆಂಟು ದಿನದಲ್ಲಿ. ರಾತ್ರಿ ಹುಳದ ಮನೆಯಲ್ಲಿ ಮಳೆ ಬಿದ್ದ ಹಾಗೆ ಸದ್ದು, ನಿಮಗೆ ಹೇಳಬೇಕಾ! ಸೂತಕದಲ್ಲಿ ಹುಳ ಮುಟ್ಟಬಾರದು ಅಂದರು ಪಕ್ಕದ ಮನೆ ಅಜ್ಜಿ. "ಹಾಗಾದ್ರೆ ನೀವು ಬಂದು ಸೊಪ್ಪು ಹಾಕಿ" ಅಂದಳು ಅಕ್ಕ. ಅಜ್ಜಿ ಸುಮ್ನಾದರು.

ಅಣ್ಣ ಶಾಮಿಯಾನ, ಅಡುಗೆಯವರು ಅಂತ ಓಡಾಡುತ್ತಿದ್ದ. ನಾನು ತೋಟದಲ್ಲಿ ಹಿಪ್ಪುನೇರಳೆ ಕೊಯ್ಯುತ್ತಿದ್ದೆ, ಅಕ್ಕ ಹಾಕುತ್ತಿದ್ದಳು. ಮೊದಲ ದಿನ ಪೂರ್ತಿ ಒಂದೂ ಮಾತಿಲ್ಲ, ಹೊರೆ ತಂದು ಬಾಗಿಲಲ್ಲಿ ಹಾಕಿ ತಿರುಗಿ ಹೋಗೋದು, ಅಷ್ಟೇ. ಎರಡನೇ ದಿನ ರಾತ್ರಿ ಹತ್ತು ಗಂಟೆಗೆ ಅಕ್ಕ ತಲೆ ಎತ್ತದೆ "ಸೊಪ್ಪು ಸಾಲಲ್ಲ" ಅಂದಳು. ಒಂಬತ್ತು ವರ್ಷ ಆದ ಮೇಲೆ ಮೊದಲ ಮಾತು ಅದು. ನಾನು "ಟಾರ್ಚ್ ಎಲ್ಲಿದೆ" ಅಂದೆ. ಇಬ್ಬರೂ ಹೋದೆವು. ಕೊಯ್ಯುತ್ತಾ ಅಕ್ಕ ಅತ್ತಳು. ನಾನು ನೋಡದ ಹಾಗೆ ಟಾರ್ಚ್ ಬೇರೆ ಕಡೆ ತಿರುಗಿಸಿದೆ.

ಎಂಟನೇ ದಿನ ಹುಳ ಹಣ್ಣಾದವು, ಗೂಡು ಕಟ್ಟಲು ತಯಾರು. ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ತಟ್ಟೆ, ಚಂದ್ರಿಕೆ, ನಲವತ್ತು ತುಂಬಬೇಕು. ಸರಿಯಾಗಿ ಆಗಲೇ ಮಾವ ಬಂದರು, ಕೈಯಲ್ಲಿ ಮತ್ತೆ ಪತ್ರ! ನಮ್ಮ ಕೈತುಂಬ ಹುಳ, ಪೆನ್ನು ಹಿಡಿಯೋದು ಹೇಗೆ? "ತಿಥಿ ಆಗಲಿ" ಅಂದೆವು, ಇಬ್ಬರೂ ಒಟ್ಟಿಗೆ. ಸಾಲದ ಪತ್ರವಾದರೂ ತಿಥಿವರೆಗೆ ಕಾಯುತ್ತದೆ, ಇದಕ್ಕೇನು ಅವಸರ ಸ್ವಾಮಿ?

ಚೀಟಿ ಬಂತು, ಎರಡು ನಿಮಿಷವಂತೆ. ಸರಿ, ಕಾನೂನು. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಪಾಲು, ಅದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿ. ಆಗ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಅಕ್ಕ ಸೈನ್ ಹಾಕದೆ ಇದ್ದದ್ದೇ ಸರಿ. ಅಮ್ಮನ ಸ್ವಂತ ಆಸ್ತಿ, ವಿಲ್ ಇಲ್ಲದಿದ್ದರೆ, ಅದೇ 1956ರ ಕಾಯ್ದೆಯಂತೆ ಗಂಡು ಹೆಣ್ಣು ಮಕ್ಕಳಿಗೆಲ್ಲ ಸಮ, ಗಂಡ ಇದ್ದರೆ ಅವನಿಗೂ. ಪಾಲು ಬಿಡಬೇಕು ಅನ್ನಿಸಿದರೆ ಬಿಡಿ, ಬೇಡ ಅನ್ನಲ್ಲ. ಆದರೆ ಓದಿ ಬಿಡಿ, ತಿಥಿ ಆದ ಮೇಲೆ ಬಿಡಿ. ಉಳಿದದ್ದು ಕರಪತ್ರದಲ್ಲಿದೆ.

ಆ ಗೂಡಿನ ದುಡ್ಡಿಗೆ ನಾವಿಬ್ಬರೂ ಮತ್ತೆ ಜಗಳ ಆಡಿದೆವು, ನೀನಿಟ್ಟುಕೋ, ನೀನಿಟ್ಟುಕೋ ಅಂತ. ಇನ್ನೂ ಮುಗಿದಿಲ್ಲ. ಅಕ್ಕ ಅಲ್ಲಿ ಮೂರನೇ ಸಾಲಲ್ಲಿ ಕೂತಿದ್ದಾಳೆ, ಚಂದ್ರಿಕೆ ನಲವತ್ತಲ್ಲ, ಮೂವತ್ತೈದು ಅಂತ ಆಗಿನಿಂದ ಕೈ ತೋರಿಸುತ್ತಿದ್ದಾಳೆ. ಮೈಕ್ ಅವಳಿಗೆ ಕೊಡಿ.